ಷರಾ ಕಾಲಮ್ಮಿನಲ್ಲಿ ಬರೆದದ್ದು

ಟಿಕ್.

ಅಷ್ಟೇ ಸಪ್ಪಳ. ಪೆನ್ನಿಗೆ ಟೋಪಿ ಹಾಕಿದಾಗ ಬರುವಷ್ಟು ಸಣ್ಣದು. ವ್ಯಾನಿನ ಡ್ಯಾಶ್‌ಬೋರ್ಡಿನ ಕೆಳಗೆ, ಮುಂದಿನ ಸೀಟಿನಲ್ಲಿ ಕೂತ ನನ್ನ ಮೊಣಕಾಲಿನ ಹತ್ತಿರ ಬರುತ್ತಿತ್ತು. ಅದು ಬಂದ ಮರುಕ್ಷಣ ಎಂಜಿನ್ನಿನ ದಮ್ಮು ಕುಗ್ಗಿ, ಸ್ಪೀಡೋಮೀಟರಿನ ಪಕ್ಕ ಕಿತ್ತಳೆ ಬಣ್ಣದ ದೀಪ ಹತ್ತುತ್ತಿತ್ತು. ಎಂಜಿನ್ನಿನ ಪುಟ್ಟ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಚೆಕ್’. ಡ್ರೈವರ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳುತ್ತಿದ್ದ: “ಕೇಳಿದ್ರೇನ್ರಿ ಬಾಯಾರ? ಮೊದಲ ಟಿಕ್, ಆಮ್ಯಾಲ ಲೈಟು.”

ನನಗೂ ಕೇಳಿಸುತ್ತಿತ್ತು. ಯಾರಿಗೆ ಎಷ್ಟು ಕೇಳಿಸುತ್ತದೆ ಅಂತ ಕಂಡುಹಿಡಿಯುವುದೇ ನನ್ನ ಪ್ರೊಫೆಷನ್. ಧಾರವಾಡದ ಸಪ್ತಾಪುರದಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಕಿವುಡ ಮಕ್ಕಳ ಶಾಲೆಗೆ ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಹಳ್ಳಿಯ ಮಕ್ಕಳು ಎಂಟೊಂಬತ್ತು ವರ್ಷಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಅಷ್ಟು ಹೊತ್ತಿಗೆ ಮಾತು ಕಲಿಯುವ ವಯಸ್ಸು ದಾಟಿ ಹೋಗಿರುತ್ತಿತ್ತು. ನಾವೇ ಹಳ್ಳಿಗೆ ಹೋಗಿ, ನಾಲ್ಕು ವರ್ಷದವರಿದ್ದಾಗಲೇ ಕಿವಿ ಟೆಸ್ಟ್ ಮಾಡಬೇಕು ಅನ್ನುವುದು ನನ್ನ ಹಟ. ಟ್ರಸ್ಟಿನ ಬೆನ್ನು ಹತ್ತಿ ಎರಡು ವರ್ಷಕ್ಕೆ ಒಂದು ಹೊಸ ವ್ಯಾನ್ ಸಿಕ್ಕಿತು. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ ಆಗಿರಬೇಕು. ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಇರುವ ಎಂಜಿನ್‌ಗಳು ನಮ್ಮ ಊರಿಗೆ ಬರುತ್ತಿದ್ದ ಕಾಲ.

ಡ್ರೈವರ್ ನಮ್ಮಲ್ಲಿ ಆಗಲೇ ಹನ್ನೊಂದು ವರ್ಷದಿಂದ ಇದ್ದ. ಮೊದಲು ಹಳೆಯ ಜೀಪು ಓಡಿಸುತ್ತಿದ್ದ. ಭರ್ಜರಿ ಮೀಸೆ. ನಮ್ಮ ಮಕ್ಕಳು ಎಲ್ಲರಿಗೂ ಒಂದೊಂದು ಸನ್ನೆಯ ಹೆಸರಿಡುತ್ತಾರೆ. ಅವನ ಹೆಸರು ಎರಡು ಬೆರಳಿನಿಂದ ಮೀಸೆ ತಿರುವುವುದು. ಗಾಡಿಯ ಲಾಗ್ ಬುಕ್ ಅವನ ಹತ್ತಿರ ಇರುತ್ತಿತ್ತು. ತಾರೀಖು, ಊರು, ಕಿಲೋಮೀಟರ್, ಪೆಟ್ರೋಲ್, ಕೊನೆಗೆ ಟಿಪ್ಪಣಿ ಬರೆಯಲು ‘ಷರಾ’ ಅಂತ ಒಂದು ಅಗಲವಾದ ಕಾಲಮ್. ಪ್ರತಿ ಶನಿವಾರ ಅದನ್ನು ನನ್ನ ಟೇಬಲ್ಲಿನ ಮೇಲಿಟ್ಟು ನಿಲ್ಲುತ್ತಿದ್ದ. ನಾನು ಕಿಲೋಮೀಟರ್ ಕೂಡಿಸಿ ನೋಡಿ, ಮೂಲೆಯಲ್ಲಿ ಇನಿಶಿಯಲ್ ಹಾಕಿ ಕೊಡುತ್ತಿದ್ದೆ.

ವ್ಯಾನ್ ಬಂದ ಮೂರನೇ ತಿಂಗಳಿಗೆ ಕ್ಲಚ್ಚಿನಲ್ಲಿ ಕಿರಕಿರಿ ಸಪ್ಪಳ ಶುರುವಾಯಿತು. ಹುಬ್ಬಳ್ಳಿಯ ಡೀಲರನ ವರ್ಕ್‌ಶಾಪಿಗೆ ಒಯ್ದೆವು. ಗೇರ್‌ಬಾಕ್ಸ್ ಕೆಳಗಿಳಿಸಿ ಕ್ಲಚ್ ಪ್ಲೇಟ್ ಬದಲಿಸಿದರು, ವಾರಂಟಿಯಲ್ಲಿ. ತೊಳೆದು, ಸೀಟಿಗೆ ಪ್ಲಾಸ್ಟಿಕ್ ಹೊದಿಸಿ ಕೊಟ್ಟಾಗ ನಾನು ಥ್ಯಾಂಕ್ಸ್ ಲೆಟರ್ ಬರೆದೆ. ಅದಾಗಿ ಎರಡು ವಾರದೊಳಗೆ, ಕಲಘಟಗಿ ರಸ್ತೆಯ ಏರಿನಲ್ಲಿ, ಮೊದಲ ಟಿಕ್.

ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಟೈ ಕಟ್ಟಿದ ಸರ್ವಿಸ್ ಅಡ್ವೈಸರ್ ಬಂದು ಜಾಬ್ ಕಾರ್ಡ್ ಬರೆಯುತ್ತಾನೆ, ಇಂಗ್ಲಿಷಿನಲ್ಲಿ. ಅದರಲ್ಲಿ ಗಿರಾಕಿಯ ದೂರಿಗೆ ಅಂತ ಎರಡು ಬೆರಳಿನಷ್ಟು ಜಾಗ. ಒಳಗೆ ಕೆಲಸ ಮಾಡುವ ಮೆಕ್ಯಾನಿಕ್‌ಗೆ ಮುಟ್ಟುವುದು ಆ ಕಾರ್ಡು ಮಾತ್ರ. ಗಿರಾಕಿಯಾಗಲಿ ಡ್ರೈವರ್ ಆಗಲಿ ಒಳಗೆ ಕಾಲಿಡುವಂತಿಲ್ಲ, ಗಾಜಿನ ಆಚೆ ಸೋಫಾದಲ್ಲಿ ಕೂರಬೇಕು.

ಡ್ರೈವರ್ ಅಡ್ವೈಸರನ ಮುಂದೆ ನಿಂತು ಬಿಡಿಸಿ ಹೇಳಿದ. “ಸಪಾಟ ರಸ್ತಾದಾಗ ಬರೂದಿಲ್ರಿ ಸರ್. ಮಂದಿ ತುಂಬಿರಬೇಕು, ಏರಿರಬೇಕು, ಸೆಕೆಂಡ್ ಗೇರಿನ್ಯಾಗ ಎಳೀತಿರಬೇಕು. ಅವಾಗ ಟಿಕ್ ಅಂತದ, ಲೈಟ್ ಹತ್ತತದ. ಕ್ಲಚ್ ಬಿಚ್ಚಿದ ಮ್ಯಾಲೆನ ಶುರು ಆಗೇದರಿ.”

ಅಡ್ವೈಸರ್ ಬರೆದದ್ದು: ‘ಚೆಕ್ ಲೈಟ್ ಆನ್. ಡೂ ದ ನೀಡ್‌ಫುಲ್.’ ಕೆಳಗೆ ನನ್ನ ಸಹಿ.

ಸ್ಕ್ಯಾನರ್ ಹಚ್ಚಿದರು, ಎರರ್ ಕೋಡ್ ಅಳಿಸಿದರು, ದೀಪ ಹೋಯಿತು. ಒಬ್ಬ ಮೆಕ್ಯಾನಿಕ್ ಒಬ್ಬನೇ ಕೂತು ವರ್ಕ್‌ಶಾಪಿನ ಮುಂದಿನ ನುಣ್ಣನೆಯ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ‘ಓಕೆ’ ಅಂತ ಬರೆದ. ಡ್ರೈವರ್ ಬಿಡಲಿಲ್ಲ. “ಎಂಟು ಮಂದಿನ್ನ ಕೂಡಿಸ್ಕೊಂಡು ಏರಿಗೆ ಹೋಗಿ ನೋಡ್ರಿ.”

ಗಾಡಿ ತಂದುಕೊಟ್ಟ ಮೆಕ್ಯಾನಿಕ್ ನಕ್ಕ. “ಹಂಗಾರ ನಿಮ್ಮ ಧಾರವಾಡದ ಗುಡ್ಡಾ ಸ್ವಲ್ಪ ಹೊತ್ಗೊಂಡ ಬರ್ರಿ ಕಾಕಾ. ಇಲ್ಲೇ ಇಟ್ಟು ಏರಿಸಿ ನೋಡೂಣಂತ.”

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ಸಣ್ಣಗೆ ನಕ್ಕೆ ಅಂತ ನೆನಪು.

ಆಮೇಲಿನ ನಾಲ್ಕು ತಿಂಗಳು ಹೀಗೇ ಹೋಯಿತು. ಎರಡನೇ ಸಲ ಆಕ್ಸಿಜನ್ ಸೆನ್ಸರ್ ಬದಲಿಸಿದರು. ಮೂರನೇ ಸಲ ಥ್ರಾಟಲ್ ಬಿಚ್ಚಿ ತೊಳೆದರು. ನಾಲ್ಕನೇ ಸಲ ಮೂರು ದಿನ ಇಟ್ಟುಕೊಂಡು ‘ನೋ ಫಾಲ್ಟ್ ಫೌಂಡ್’ ಅಂತ ಬರೆದು ವಾಪಸ್ ಕೊಟ್ಟರು. ಪ್ರತಿ ಸಲ ಒಂದೆರಡು ವಾರ ಸುಮ್ಮನಿದ್ದು, ಟೀಚರ್‌ಗಳೆಲ್ಲ ತುಂಬಿಕೊಂಡು ಕ್ಯಾಂಪಿಗೆ ಹೊರಟ ದಿನವೇ ದೀಪ ಹತ್ತುತ್ತಿತ್ತು. ಒಮ್ಮೆ ಅಳ್ನಾವರದ ಕಡೆ ಹೊರಟಾಗ ಏರಿನಲ್ಲಿ ಗಾಡಿ ನಿಂತೇ ಬಿಟ್ಟಿತು. ಕಿವಿ ಟೆಸ್ಟಿನ ಆಡಿಯೋಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಮುಟ್ಟುವಷ್ಟರಲ್ಲಿ ಶಾಲೆ ಬಿಟ್ಟಿತ್ತು. ಮಕ್ಕಳನ್ನು ಕರೆದುಕೊಂಡು ಬಂದಿದ್ದ ತಾಯಂದಿರು ಕಾದು ಕಾದು ಹೊಲಕ್ಕೆ ಹೋಗಿದ್ದರು. ಕರೆದರೆ ತಿರುಗದ ಒಬ್ಬ ಹುಡುಗಿ ಆ ಊರಲ್ಲಿದ್ದಾಳೆ ಅಂತ ಅಂಗನವಾಡಿಯಾಕೆ ಮೊದಲೇ ಹೇಳಿದ್ದಳು. ಆಕೆ ಆ ವರ್ಷ ನಮಗೆ ಸಿಗಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಮರುದಿನ ಡ್ರೈವರ್ ಹೇಳಿದ: “ಬಾಯಾರ, ಅಮರಗೋಳದ ಎಪಿಎಂಸಿ ಯಾರ್ಡಿನ ಹಿಂದ ಒಬ್ಬರು ಮೇಸ್ತ್ರಿ ಅದಾರ್ರಿ. ಲಾರಿ ವೈರಿಂಗ್ ಮಾಡ್ತಾರ. ಒಂದ ಸಲ ತೋರಿಸೂಣೇನ್ರಿ? ಎಲ್ಲೋ ವೈರ್ ತಿಕ್ಕಾಕತ್ತದ ಅನಸ್ತದ.”

“ಹೊರಗಿನವರು ಕೈ ಹಚ್ಚಿದ್ರ ವಾರಂಟಿ ವಾಯ್ಡ್ ಆಗ್ತದ. ನಿನಗ ತಿಳಿಯೂದಿಲ್ಲ, ಸುಮ್ಮನಿರು.”

ಅವನು ಲಾಗ್ ಬುಕ್ ಬಗಲಿಗಿಟ್ಟುಕೊಂಡು ಹೊರಗೆ ಹೋದ.

ಐದನೇ ಸಲ ನಾನು ನೇರವಾಗಿ ಸರ್ವಿಸ್ ಮ್ಯಾನೇಜರನ ಕ್ಯಾಬಿನ್ನಿಗೆ ಹೋದೆ. ಮೂವತ್ತು ದಾಟಿರದ ಹುಡುಗ, ಬೆಳ್ಳನೆಯ ಶರ್ಟು. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ನನ್ನ ಇಂಗ್ಲಿಷ್ ಕೇಳಿ, “ಮ್ಯಾಡಮ್, ಯು ಮಸ್ಟ್ ಬಿ ಫ್ರಮ್ ಎ ಕಾನ್ವೆಂಟ್! ಮೈ ಮದರ್ ಆಲ್ಸೋ” ಅಂದ. ಚಹಾ ತರಿಸಿದ, ಬಿಸ್ಕಿಟ್ ತರಿಸಿದ. ಹನ್ನೊಂದು ವರ್ಷ ನನ್ನ ಜೊತೆ ದುಡಿದವನಿಗೆ ನಾನು ‘ನೀ’ ಅನ್ನುತ್ತಿದ್ದೆ. ಈ ಹುಡುಗನಿಗೆ ಹತ್ತು ನಿಮಿಷದಲ್ಲಿ ‘ನೀವು’. ಆಗ ಅದು ನನ್ನ ಗಮನಕ್ಕೇ ಬರಲಿಲ್ಲ.

ಅವನು ಟೇಬಲ್ಲಿನ ಮೇಲೆ ಒಂದು ಬಾಟಲಿ ಇಟ್ಟ. ನಮ್ಮ ವ್ಯಾನಿನ ಟ್ಯಾಂಕಿನಿಂದ ತೆಗೆದ ಪೆಟ್ರೋಲಂತೆ. “ವಾಸನೆ ನೋಡಿ ಮ್ಯಾಡಮ್. ಕೆರೋಸಿನ್ ಮಿಕ್ಸ್ ಆಗಿದೆ. ಇಂಜೆಕ್ಟರ್ ಹಾಳಾಗಿವೆ. ಎಷ್ಟು ಸೆನ್ಸರ್ ಹಾಕಿದರೂ ಲೈಟ್ ಬರೋದೇ.”

ಮೂಸಿ ನೋಡಿದೆ. ಕೆರೋಸಿನ್ ವಾಸನೆ ಬಂತು ಅಂದೆ.

ಕಿವಿ ಟೆಸ್ಟ್ ಮಾಡುವಾಗ ನಾವು ಮಗುವಿಗೆ ಹೇಳುತ್ತೇವೆ, ಸಪ್ಪಳ ಬಂದಾಗ ಬೆರಳೆತ್ತು ಅಂತ. ಕೆಲವು ಮಕ್ಕಳು ಏನೂ ಕೇಳಿಸದಿದ್ದರೂ ಬೆರಳೆತ್ತುತ್ತವೆ. ಎದುರಿಗೆ ಕೂತ ಟೀಚರ್‌ಗೆ ಖುಷಿ ಆಗಲಿ ಅಂತ. ಅಂಥ ಮಕ್ಕಳನ್ನು ಗುರುತಿಸಲು ನಾನು ಎಷ್ಟೋ ಹೊಸ ಟೀಚರ್‌ಗಳಿಗೆ ಕಲಿಸಿದ್ದೇನೆ.

“ಪಂಪಿನವರೇ ಮಿಕ್ಸ್ ಮಾಡಿರಬಹುದಲ್ಲ?” ಅಂತ ಕೇಳಿದೆ, ಕೇಳಲೇಬೇಕು ಅಂತ.

“ಅದೇ ಪಂಪಿನಲ್ಲಿ ನಮ್ಮ ಎಷ್ಟೋ ಗಾಡಿಯವರು ಪೆಟ್ರೋಲ್ ಹಾಕಿಸ್ತಾರೆ ಮ್ಯಾಡಮ್. ಪ್ರಾಬ್ಲಮ್ ಬಂದಿರೋದು ನಿಮ್ಮದಕ್ಕೆ ಮಾತ್ರ. ಡ್ರೈವರ್‌ಗಳು ಪೆಟ್ರೋಲ್ ತೆಗೆದು ಮಾರ್ತಾರೆ, ಕಡಿಮೆ ಕಾಣಬಾರದು ಅಂತ ಕೆರೋಸಿನ್ ತುಂಬ್ತಾರೆ. ವೆರಿ ಕಾಮನ್.” ಬಾಟಲಿಯ ಮುಚ್ಚಳ ಹಾಕುತ್ತ ಅಂದ: “ಇದು ನಮ್ಮ ರಿಪೇರಿಯ ದೋಷ ಅಲ್ಲ ಅಂತ ಸ್ಕೂಲಿನಿಂದ ಒಂದು ಲೆಟರ್ ಕೊಡಿ. ನಾನು ಕಂಪನಿಗೆ ಹೇಳಿ ಹೊಸ ಇಂಜೆಕ್ಟರ್ ಗುಡ್‌ವಿಲ್‌ನಲ್ಲಿ ಫ್ರೀ ಹಾಕಿಸ್ತೀನಿ. ಗುರುವಾರ ಗಾಡಿ ನಿಮ್ಮದು.”

ಲೆಟರ್ ಆಗಲೇ ಟೈಪ್ ಆಗಿತ್ತು. ಇಂಗ್ಲಿಷ್ ಕೆಟ್ಟದಾಗಿತ್ತು. ‘ಡ್ರೈವರ್ ಮಿಸ್ಚೀಫ್’ ಅಂತ ಏನೋ ಬರೆದಿದ್ದರು. ನನಗೆ ತಡೆಯಲಾಗಲಿಲ್ಲ. ಪರ್ಸಿನಿಂದ ಕೆಂಪು ಪೆನ್ನು ತೆಗೆದು ಅಲ್ಲೇ ತಿದ್ದಿದೆ. ಮಿಸ್ಚೀಫ್ ಹೊಡೆದುಹಾಕಿ ‘ಪಿಲ್ಫರೇಜ್’ ಅಂತ ಬರೆದೆ; ಕಳವು ಅನ್ನುವುದಕ್ಕೆ ಮರ್ಯಾದೆಯ ಶಬ್ದ. ಇಂಧನದ ಕಳವು ಮತ್ತು ಕಲಬೆರಕೆಯನ್ನು ಅಲ್ಲಗಳೆಯಲಾಗದು ಅನ್ನುವ ಅರ್ಥದ ವಾಕ್ಯ ಪೂರ್ತಿ ನನ್ನದೇ. ಮ್ಯಾನೇಜರ್ ಓದಿ “ಬ್ಯೂಟಿಫುಲ್” ಅಂದ. ಹೊಸದಾಗಿ ಟೈಪ್ ಮಾಡಿಸಿ ತಂದ. ಸಹಿ ಮಾಡಿದೆ. ಜೂನಿನ ಅಡ್ಮಿಶನ್ನಿಗೆ ಮುಂಚೆ ಕ್ಯಾಂಪುಗಳು ಮುಗಿಯಬೇಕಿತ್ತು. ನನ್ನ ತಲೆಯಲ್ಲಿ ಇದ್ದದ್ದು ಗುರುವಾರ ಒಂದೇ.

ಗಾಜಿನ ಆಚೆ ಸೋಫಾದಲ್ಲಿ ಡ್ರೈವರ್ ಕೂತಿದ್ದ. ನನ್ನನ್ನು ನೋಡಿ ಎದ್ದ. “ಏನಂದ್ರು ಬಾಯಾರ? ಸಿಕ್ತೇನ್ರಿ?”

“ಸಿಕ್ತು,” ಅಂದೆ.

ಲೆಟರಿನ ಕಾಪಿ ಟ್ರಸ್ಟಿನ ಅಧ್ಯಕ್ಷರಿಗೆ ಹೋಯಿತು. ದೇಶಪಾಂಡೆ ನಗರದ ಅವರ ಮನೆಯ ಹಾಲಿನಲ್ಲಿ ಮೀಟಿಂಗು. ಡ್ರೈವರನನ್ನು ಬಾಗಿಲ ಹತ್ತಿರ ನಿಲ್ಲಿಸಿ ಅಧ್ಯಕ್ಷರು ಕೇಳಿದರು: “ಎಷ್ಟ ದಿವಸದಿಂದ ನಡದದಪಾ ಈ ಧಂದೆ?”

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅಧ್ಯಕ್ಷರನ್ನು ನೋಡಲೇ ಇಲ್ಲ. “ಬಾಯಾರ, ನೀವು ಹೇಳ್ರಿ,” ಅಂದ. “ನೀವು ಬಾಜೂಕ ಕೂತಿರ್ತಿದ್ರಿ. ಟಿಕ್ ಅನ್ನೂದು ಕೇಳಿಲ್ಲೇನ್ರಿ?”

ನಾನು ಮುಂದಿದ್ದ ಜಾಬ್ ಕಾರ್ಡುಗಳನ್ನು ತಾರೀಖಿನ ಪ್ರಕಾರ ಜೋಡಿಸತೊಡಗಿದೆ. ಅವು ಆಗಲೇ ತಾರೀಖಿನ ಪ್ರಕಾರ ಇದ್ದವು.

ಅವನು ಮುಂದೆ ಬಂದು ಟೀಪಾಯಿಯ ಮೇಲೆ ಗಾಡಿಯ ಕೀಲಿ ಇಟ್ಟ, ಅದರ ಪಕ್ಕ ಲಾಗ್ ಬುಕ್. “ಬುಕ್ಕಿನ್ಯಾಗ ಎಲ್ಲಾ ಬರದೇನ್ರಿ,” ಅಂದು ಹೊರಗೆ ಹೋದ. ಬುಕ್ಕನ್ನು ಯಾರೂ ತೆರೆಯಲಿಲ್ಲ. ನಾನು ಅದನ್ನು ಶಾಲೆಗೆ ತಂದು ಕಪಾಟಿನಲ್ಲಿಟ್ಟೆ.

ಹೊಸ ಇಂಜೆಕ್ಟರ್ ಬಂದವು, ಹೊಸ ಡ್ರೈವರ್ ಬಂದ. ದೀಪ ಹತ್ತಲಿಲ್ಲ. ಉಳಿದ ಎರಡು ಕ್ಯಾಂಪು ನವಲಗುಂದದ ಕಡೆ ಇದ್ದವು. ಅಲ್ಲಿ ಒಂದು ಏರೂ ಇಲ್ಲ. ಆಮೇಲೆ ಬೇಸಿಗೆ ರಜೆ; ವ್ಯಾನ್ ಖಾಲಿ ಓಡಾಡಿತು. ಅಧ್ಯಕ್ಷರು ಫೋನ್ ಮಾಡಿ, “ನೋಡಿದ್ರಿಲ್ಲೊ? ಆಸಾಮಿ ಹೋದ, ಲೈಟೂ ಹೋತು,” ಅಂದರು. ನನಗೂ ಹಗುರಾಗಿತ್ತು. ಶಾಲೆ ಶುರುವಾದಾಗ ಮಕ್ಕಳು ಗೇಟಿನಲ್ಲಿ ಹೊಸ ಡ್ರೈವರನನ್ನು ನೋಡಿ, ನನ್ನ ಕಡೆ ತಿರುಗಿ ಮೀಸೆ ತಿರುವಿ ಕೈ ಅಲ್ಲಾಡಿಸಿದರು: ಎಲ್ಲಿ? ಊರಿಗೆ ಹೋಗಿದ್ದಾರೆ ಅಂತ ಸನ್ನೆ ಮಾಡಿದೆ. ಸನ್ನೆಯಲ್ಲೂ ಸುಳ್ಳು ಹೇಳಬಹುದು.

ಜೂನ್ ಮುಗಿಯುವ ಮುಂಚೆ ಎಂಟು ಮಂದಿ ತುಂಬಿಕೊಂಡು ಕಲಘಟಗಿ ರಸ್ತೆಗೆ ಹೊರಟೆವು. ಅದೇ ಏರು. ಸೆಕೆಂಡ್ ಗೇರು.

ಟಿಕ್.

ಹೊಸ ಡ್ರೈವರ್, “ಮ್ಯಾಡಮ್, ಇದೇನೋ ಲೈಟ್ ಬಂತಲ್ರಿ,” ಅಂದ. ಪೆಟ್ರೋಲ್ ವರ್ಕ್‌ಶಾಪಿನವರೇ ಹೇಳಿದ ಪಂಪಿನದು. ಟ್ಯಾಂಕಿಗೆ ಬೀಗ. ಬೀಗದ ಕೀಲಿ ನನ್ನ ಪರ್ಸಿನಲ್ಲಿ.

ಗಾಡಿ ಹೇಗೋ ತಿರುಗಿಸಿಕೊಂಡು ಬಂದು, ಮಧ್ಯಾಹ್ನ ಆಫೀಸಿನ ಕಪಾಟು ತೆರೆದು ಲಾಗ್ ಬುಕ್ ತೆಗೆದೆ. ಮೊದಲ ಸಲ ಷರಾ ಕಾಲಮ್ ಓದಿದೆ. ಗುಂಡಗುಂಡಗೆ, ತಿದ್ದಿ ತೀಡಿದ ಅಕ್ಷರ. ‘ಎಂಟು ಮಂದಿ. ನುಗ್ಗಿಕೇರಿ ದಾಟಿ ಏರಿನಲ್ಲಿ ಟಿಕ್ ಬಂದು ಲೈಟ್ ಹತ್ತಿತು.’ ‘ಒಬ್ಬನೇ. ಅದೇ ಏರು. ಬರಲಿಲ್ಲ.’ ‘ಯೂನಿವರ್ಸಿಟಿ ಗುಡ್ಡ, ಆರು ಮಂದಿ, ಫಸ್ಟ್ ಗೇರಿನಲ್ಲಿ ಟಿಕ್, ಬಾಯಾರೂ ಕೇಳಿದರು.’ ‘ಹುಬ್ಬಳ್ಳಿ ತನಕ ಸಪಾಟ. ಬರಲಿಲ್ಲ.’ ‘ಕ್ಲಚ್ ಬಿಚ್ಚುವ ಮೊದಲು ಇದೇ ಏರು ಒಂಬತ್ತು ಸಲ ಹತ್ತಿದೆ, ಒಮ್ಮೆಯೂ ಬಂದಿಲ್ಲ.’ ಪ್ರತಿ ಪುಟದ ಮೂಲೆಯಲ್ಲಿ ನನ್ನ ಇನಿಶಿಯಲ್. ನಾವು ಆಡಿಯೋಗ್ರಾಮ್ ಬರೆಯುವ ರೀತಿಯೇ ಅದು: ಯಾವ ಸಪ್ಪಳ, ಎಷ್ಟು ಜೋರು, ಕೇಳಿತೋ ಇಲ್ಲವೋ. ಹನ್ನೊಂದು ವರ್ಷ ನಮ್ಮ ಟೆಸ್ಟ್ ರೂಮಿನ ಬಾಗಿಲಲ್ಲಿ ನಿಂತು ನೋಡಿ ಕಲಿತಿದ್ದ.

ಮರುದಿನ ವಾರಂಟಿಯ ಚಿಂತೆ ಬಿಟ್ಟು ಅಮರಗೋಳಕ್ಕೆ ಹೋದೆ. ಮೇಸ್ತ್ರಿ ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಸ್ಕ್ಯಾನರ್ ಗೀನರ್ ಏನೂ ಇಲ್ಲ. ಬುಕ್ಕಿನ ಷರಾ ಓದಿಸಿ ಕೇಳಿದರು. ಆಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಸಿ, ಹೊಸ ಡ್ರೈವರ್‌ಗೆ ಅಂದರು: “ಸೆಕೆಂಡ್ ಹಾಕು. ರೇಸ್ ಕೊಟ್ಟು ಕ್ಲಚ್ ಸಾವಕಾಶ ಬಿಡು. ಬಂದ್ ಬೀಳಬಾರದು.” ಗಾಡಿ ನಿಂತಲ್ಲೇ ಏರು ಹತ್ತುವಂತೆ ನಡುಗಿತು. ಎಂಜಿನ್ ಒಂದು ಬದಿಗೆ ಎರಡು ಬೆರಳಿನಷ್ಟು ವಾಲಿತು. ಟಿಕ್.

“ಬರ್ರಿ ಬಾಯಾರ, ಇಲ್ಲಿ ಬಗ್ಗಿ ನೋಡ್ರಿ.”

ಗೇರ್‌ಬಾಕ್ಸಿನ ಮೇಲೆ ವೈರುಗಳ ಕಟ್ಟು ಜೋತು ಬಿದ್ದಿತ್ತು. ಎಂಜಿನ್ ವಾಲಿದಾಗ ಅದು ಕಬ್ಬಿಣದ ಪಟ್ಟಿಗೆ ತಾಗುತ್ತಿತ್ತು. ಒಂದು ವೈರಿನ ಪ್ಲಾಸ್ಟಿಕ್ ತಿಕ್ಕಿ ತಿಕ್ಕಿ ಹೋಗಿ ತಾಮ್ರ ಕಾಣುತ್ತಿತ್ತು. “ಇಲ್ಲೊಂದು ಕ್ಲಿಪ್ ಇರಬೇಕಿತ್ತು. ಗೇರ್‌ಬಾಕ್ಸ್ ಇಳಿಸಿದವರು ತಗದಾರ, ತಿರುಗಿ ಹಾಕಿಲ್ಲ,” ಅಂದರು. ನಾನು ಶಾಲೆಯ ಕ್ಯಾಮೆರಾದಲ್ಲಿ ಫೋಟೊ ತೆಗೆದುಕೊಂಡ ಮೇಲೆ ವೈರಿಗೆ ಟೇಪ್ ಸುತ್ತಿ, ಹೊಸ ಕ್ಲಿಪ್ ಹಾಕಿ, ಕೈ ಒರೆಸಿಕೊಂಡರು. “ನಿಮ್ಮ ಹಳೇ ಡ್ರೈವರ್ ಬಂದು ಹೇಳಿದ್ದ, ಬಾಯಾರು ಹೂಂ ಅಂದ್ರ ಗಾಡಿ ತರ್ತೇನಿ ಅಂತ. ಈಗ ಇಲ್ಲೇ ಯಾರ್ಡಿನ್ಯಾಗ ಟೆಂಪೊ ಓಡಸ್ತಾನ. ಸಾಲಿ ಗಾಡಿ ಯಾರೂ ಕೊಡವಲ್ರಂತ. ಸುದ್ದಿ ಊರ ತುಂಬ ಆಗೇದಲ್ರಿ.”

ಆ ತಾಮ್ರ ಕಾಣುವ ವೈರಿನ ಫೋಟೊ ಹಿಡಿದುಕೊಂಡು ಸರ್ವಿಸ್ ಮ್ಯಾನೇಜರನ ಕ್ಯಾಬಿನ್ನಿಗೆ ಹೋದೆ. ಈ ಸಲ ಚಹಾ ಇರಲಿಲ್ಲ. “ಹೊರಗೆ ಬಿಚ್ಚಿಸಿದೀರಿ ಮ್ಯಾಡಮ್. ಕ್ಲಿಪ್ ಯಾರು ತೆಗೆದರು ಅಂತ ನಾನು ಹೇಗೆ ಹೇಳಲಿ? ಮತ್ತೆ ಇದು ನಿಮ್ಮದೇ ಲೆಟರ್ ಅಲ್ವಾ?” ಅಂತ ಫೈಲಿನಿಂದ ಕಾಪಿ ತೆಗೆದು ನನ್ನ ಕಡೆ ತಿರುಗಿಸಿ ಇಟ್ಟ. ಕಂಪನಿಯ ದೊಡ್ಡ ಆಫೀಸಿಗೆ ಮೂರು ಸಲ ಬರೆದೆ. ಒಂದೇ ಉತ್ತರ ಬಂತು. ಒಳಗೆ ಅದೇ ಲೆಟರಿನ ಕಾಪಿ.

ಮುಂದಿನ ಮೀಟಿಂಗಿನಲ್ಲಿ ಡ್ರೈವರನ ತಪ್ಪಿಲ್ಲ ಅಂತ ಮಿನಿಟ್ಸ್‌ನಲ್ಲಿ ಬರೆಯಿಸಬೇಕು ಅಂದೆ. ಅಧ್ಯಕ್ಷರು ಕನ್ನಡಕ ತೆಗೆದರು. “ನೀವ ಬರದು ಕೊಟ್ರಿ. ಈಗ ನೀವ ಸುಳ್ಳಂದ್ರ ಟ್ರಸ್ಟಿನ ಮರ್ಯಾದಿ ಏನಾಗಬೇಕು ಬಾಯಾರ? ಹೊಸಾ ಮನಷ್ಯಾನ್ನ ಇಟ್ಟೇವಿ, ಗಾಡಿ ಛಲೋ ಆಗೇದ. ಮುಗೀತಲ್ಲ.” ಉಳಿದವರು ಚಹಾದ ಕಪ್ಪು ನೋಡುತ್ತಿದ್ದರು. ಅಂದೇ ರಾಜೀನಾಮೆ ಬರೆದೆ. ಕೊಡಲಿಲ್ಲ. ನಾನು ಬಿಟ್ಟರೆ ಕ್ಯಾಂಪು ನಿಲ್ಲುತ್ತವೆ ಅಂತ ನನಗೆ ನಾನೇ ಹೇಳಿಕೊಂಡೆ. ರಿಟೈರ್ ಆಗುವ ತನಕ ಅದೇ ವ್ಯಾನಿನ ಅದೇ ಸೀಟಿನಲ್ಲಿ ಕೂತು ಓಡಾಡಿದೆ.

ರಾಜೀನಾಮೆಯ ಬದಲು ಇನ್ನೊಂದು ಪತ್ರ ಬರೆದೆ, ಹಳೆಯ ಡ್ರೈವರ್ ಕೆಲಸ ಕೊಡುವವರಿಗೆ ತೋರಿಸಲಿ ಅಂತ, ಕನ್ನಡದಲ್ಲಿ, ಕೈಯಿಂದ. ಗಾಡಿಯ ದೋಷ ಏನಿತ್ತು, ನಾನು ಸಹಿ ಮಾಡಿದ ಲೆಟರಿನಲ್ಲಿ ಏನು ಸುಳ್ಳಿತ್ತು, ಈ ಮನುಷ್ಯ ಎಷ್ಟು ಪ್ರಾಮಾಣಿಕ, ಎಲ್ಲ. ನಾಲ್ಕು ಸಲ ಹರಿದು ಬರೆದೆ. ಇಂಗ್ಲಿಷಿನಲ್ಲಿ ಸಲೀಸಾಗಿ ಬಂದದ್ದು ಕನ್ನಡದಲ್ಲಿ ಬರಲು ಎರಡು ದಿನ ಹಿಡಿಯಿತು.

ಅಮರಗೋಳದ ಯಾರ್ಡಿನಲ್ಲಿ ಮೆಣಸಿನಕಾಯಿ ಬಂದ ದಿನಗಳು. ಅವನು ಟೆಂಪೊದ ಮೇಲೆ ನಿಂತು ಚೀಲಗಳಿಗೆ ಹಗ್ಗ ಬಿಗಿಯುತ್ತಿದ್ದ. ನಾನು ಕೆಮ್ಮಿದ್ದು ಕೇಳಿ ತಿರುಗಿದ. “ಬಾಯಾರ? ಘಾಟ ಅದರಿ, ಈ ಕಡೆ ನೆರಳಿಗೆ ಬರ್ರಿ,” ಅನ್ನುತ್ತ ಇಳಿದು ಬಂದ.

“ಹುಡುಗೂರು ಇನ್ನೂ ನಿಮ್ಮನ್ನ ಕೇಳ್ತಾವ,” ಅಂದು ಮೀಸೆಯ ಸನ್ನೆ ಮಾಡಿದೆ. ಅವನು ನಕ್ಕ. ಪತ್ರ ಕೊಟ್ಟೆ. ಕೈ ಒರೆಸಿಕೊಂಡು, ಪೂರ್ತಿ, ಸಾವಕಾಶ ಓದಿದ.

“ನನ್ನ ಬುಕ್ಕು ಓದಿದ್ರೇನ್ರಿ?”

“ಓದಿದೆ.”

“ಯಾವಾಗ್ರಿ?”

“ಜೂನಿನ್ಯಾಗ. ಮತ್ತ ಲೈಟ್ ಬಂದ ಮ್ಯಾಲೆ.”

ತಲೆಯಾಡಿಸಿದ. “ಪ್ರತಿ ಶನಿವಾರ ಸಹಿ ಮಾಡತಿದ್ರಲ್ರಿ. ನೀವು ಓದತೀರಿ ಅಂತ ತಿಳಕೊಂಡು, ಛಲೋ ಅಕ್ಷರ ಮಾಡಿ ಬರೀತಿದ್ದೆ.”

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದರೆ ಚೆನ್ನಾಗಿತ್ತು.

ಪತ್ರವನ್ನು ಮಡಿಕೆಯ ಪ್ರಕಾರವೇ ಮಡಚಿ ನನ್ನ ಕೈಗೆ ವಾಪಸ್ ಕೊಟ್ಟ. “ಇದನ್ನ ನನಗ್ಯಾಕ್ರಿ? ನಾ ಕದ್ದಿಲ್ಲ ಅನ್ನೂದು ನನಗ ಗೊತ್ತದ. ಆ ದಿವಸ ಮೀಟಿಂಗಿನ್ಯಾಗ ಕೂತಿದ್ರಲ್ಲ, ಅವರಿಗೆ ಕೊಡ್ರಿ.”

ಕೇಳಿ ನೋಡಿದೆ, ಅವರು ಒಪ್ಪಲಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. “ಕೊಡ್ತೇನಿ,” ಅಂದೆ.

“ಬರ್ತೇನ್ರಿ ಬಾಯಾರ. ಲೋಡ್ ಆಗೇದ.” ಹತ್ತಿ ಕೂತು ಕನ್ನಡಿ ಸರಿ ಮಾಡಿಕೊಂಡ. ಯಾರ್ಡಿನ ಗೇಟಿನ ಹತ್ತಿರ ಸಣ್ಣದೊಂದು ಏರು. ಅಲ್ಲಿ ಅವನು ಗೇರ್ ಇಳಿಸಿದ್ದು ನಾನು ನಿಂತಲ್ಲಿಗೆ ಕೇಳಿಸಿತು. ತುಂಬಿದ ಗಾಡಿ ಎಲ್ಲೂ ತಡವರಿಸದೆ ಏರಿ ರಸ್ತೆಗೆ ಹೊರಳಿತು. ನಾನು ಅವನನ್ನು ಕಂಡದ್ದು ಅದೇ ಕಡೆಯ ಸಲ.